ಕಾರ್ಬ್ಯುರೇಟರ್ ಮತ್ತು ಫ್ಯೂಯಲ್ ಇಂಜೆಕ್ಷನ್: ಸಣ್ಣ ವಿಮಾನದ ಎಂಜಿನ್ನಿಗೆ ಇಂಧನ ಸೇರುವ ಬಗೆ

ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಸಿಲಿಂಡರುಗಳಿಗೆ ತಲುಪಿಸಲು ಎರಡು ವಿಧಾನಗಳಿವೆ. ಮೊದಲನೆಯದು ಕಾರ್ಬ್ಯುರೇಟರ್. ಇದರಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಇಂಧನವನ್ನೂ ಹೀರಿಕೊಂಡು ಸಾಗುತ್ತದೆ. ಎರಡನೆಯದು ಫ್ಯೂಯಲ್ ಇಂಜೆಕ್ಷನ್. ಇದರಲ್ಲಿ ಪಂಪಿನ ಒತ್ತಡದಿಂದ ಬಂದ ಇಂಧನವನ್ನು ಪ್ರತಿ ಸಿಲಿಂಡರಿನ ಬಾಗಿಲಲ್ಲೇ ಸಿಂಪಡಿಸಲಾಗುತ್ತದೆ.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮ ಜಾರಿಯಾದ ಮೇಲೆ ಹೊಸ ಬೈಕು, ಸ್ಕೂಟರುಗಳಿಂದ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮರೆಯಾಯಿತು. ಕಾರುಗಳನ್ನು ಅದು ಬಿಟ್ಟು ಹೋಗಿ ಇನ್ನೂ ಹೆಚ್ಚು ಕಾಲವಾಗಿದೆ. ವಿಮಾನಲೋಕದಲ್ಲಿ ಮಾತ್ರ ಎರಡೂ ಅಕ್ಕಪಕ್ಕದಲ್ಲೇ ಬದುಕಿವೆ. 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನಿನ ಪೈಪರ್ ಆರ್ಚರ್‌ಗಳು ಬಹುತೇಕ ಕಾರ್ಬ್ಯುರೇಟರಿನಿಂದ ಹಾರುತ್ತವೆ. ಅಷ್ಟೇ ಶಕ್ತಿಯ ಸೆಸ್ನಾ 172ಎಸ್ ಇಂಜೆಕ್ಷನ್‌ನಿಂದ ಹಾರುತ್ತದೆ. ಹಳೆಯದು ಕೆಟ್ಟದ್ದು, ಹೊಸದು ಒಳ್ಳೆಯದು ಎಂದು ಒಂದೇ ಮಾತಿನಲ್ಲಿ ಮುಗಿಸುವಂತಿಲ್ಲ. ಎರಡಕ್ಕೂ ಅವುಗಳದೇ ತೊಂದರೆಗಳಿವೆ. ಕಾರ್ಬ್ಯುರೇಟರ್ ತಂಪು ತೇವದ ಹವೆಯಲ್ಲಿ ಸತಾಯಿಸಿದರೆ, ಇಂಜೆಕ್ಷನ್ ಸುಡುಬಿಸಿಲಿನಲ್ಲಿ ನೆಲದ ಮೇಲೆ ಸತಾಯಿಸುತ್ತದೆ.

ಮಿಶ್ರಣದ ಲೆಕ್ಕ

ಪೆಟ್ರೋಲು ಉರಿಯಬೇಕಾದರೆ ಗಾಳಿಯೊಂದಿಗೆ ಹದವಾಗಿ ಬೆರೆಯಬೇಕು. ತೂಕದ ಲೆಕ್ಕದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಪೆಟ್ರೋಲು ಸೇರಿದರೆ ಎರಡೂ ಪೂರ್ತಿ ಬಳಕೆಯಾಗುತ್ತವೆ. ಎಂಜಿನ್ನಿನಿಂದ ಗರಿಷ್ಠ ಶಕ್ತಿ ಬೇಕಿದ್ದರೆ ಇಂಧನ ತುಸು ಹೆಚ್ಚು ಬೇಕು. ಆಗ ಅನುಪಾತ ಸುಮಾರು 12.5ಕ್ಕೆ 1 ಆಗುತ್ತದೆ. ಇಂಧನ ಹೆಚ್ಚಾದ ಮಿಶ್ರಣವನ್ನು ಪೈಲಟ್‌ಗಳು ರಿಚ್ ಎನ್ನುತ್ತಾರೆ, ಕಡಿಮೆಯಾದದ್ದನ್ನು ಲೀನ್ ಎನ್ನುತ್ತಾರೆ.

ರಸ್ತೆಯ ವಾಹನಕ್ಕಿಲ್ಲದ ಒಂದು ಕಷ್ಟ ವಿಮಾನಕ್ಕಿದೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. 10,000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿ ಇರುವುದರ ಮುಕ್ಕಾಲು ಪಾಲಿಗೆ ಇಳಿದಿರುತ್ತದೆ. ಇಂಧನವನ್ನು ಅದಕ್ಕೆ ತಕ್ಕಂತೆ ಇಳಿಸದಿದ್ದರೆ ಮಿಶ್ರಣ ತೀರಾ ರಿಚ್ ಆಗಿ ಶಕ್ತಿ ಕುಂದುತ್ತದೆ, ಸ್ಪಾರ್ಕ್ ಪ್ಲಗ್‌ಗಳಲ್ಲಿ ಮಸಿ ಕಟ್ಟುತ್ತದೆ, ಪೆಟ್ರೋಲು ವ್ಯರ್ಥವಾಗುತ್ತದೆ. ಅದಕ್ಕಾಗಿ ಬಹುತೇಕ ಸಣ್ಣ ವಿಮಾನಗಳಲ್ಲಿ ಥ್ರಾಟಲ್ ಪಕ್ಕದಲ್ಲಿ ಕೆಂಪು ಬಣ್ಣದ ಮಿಕ್ಸ್ಚರ್ ಗುಬುಟು ಇರುತ್ತದೆ. ಮೇಲೇರಿದಂತೆ ಪೈಲಟ್ ಅದನ್ನು ಹಿಂದಕ್ಕೆಳೆದು ಇಂಧನ ಇಳಿಸಬೇಕು. ಕಾರ್ಬ್ಯುರೇಟರ್ ಇದ್ದರೂ, ಸಾಮಾನ್ಯ ಮೆಕ್ಯಾನಿಕಲ್ ಇಂಜೆಕ್ಷನ್ ಇದ್ದರೂ ಈ ಕೆಲಸ ತಪ್ಪಿದ್ದಲ್ಲ.

ಕೆಲವು ಊರುಗಳಲ್ಲಿ ಇದಕ್ಕೆ ಮೇಲೇರುವುದೂ ಬೇಕಿಲ್ಲ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿ ಮಂಗಳೂರಿನ ಕಡಲತಡಿಗಿಂತ ಸುಮಾರು 8 ಪ್ರತಿಶತ ತೆಳು. ಬಿಸಿಲೇರಿದ ಮಧ್ಯಾಹ್ನ ಇನ್ನೂ ತೆಳು. 3,000 ಅಡಿಗಿಂತ ಎತ್ತರದ ರನ್‌ವೇಗಳಿಂದ ಏರುವ ಮುನ್ನ ಮಿಕ್ಸ್ಚರ್ ಹದ ಮಾಡಿಕೊಳ್ಳಬೇಕೆಂದು ಸೆಸ್ನಾ 172ರ ಕೈಪಿಡಿ ಹೇಳುತ್ತದೆ. ಬೆಂಗಳೂರು ಸರಿಯಾಗಿ ಆ ಗಡಿಯ ಮೇಲೆಯೇ ಕುಳಿತಿದೆ.

ಕಾರ್ಬ್ಯುರೇಟರಿನ ಒಳಗೆ

1903ರ ಡಿಸೆಂಬರ್ 17ರಂದು ಹಾರಿದ ರೈಟ್ ಸಹೋದರರ ವಿಮಾನದಲ್ಲಿ ಇಂದಿನ ಅರ್ಥದ ಕಾರ್ಬ್ಯುರೇಟರ್ ಇರಲಿಲ್ಲ, ಥ್ರಾಟಲ್ ಕೂಡ ಇರಲಿಲ್ಲ. ರೆಕ್ಕೆಯ ಕೆಳಗಿನ ಚಿಕ್ಕ ಡಬ್ಬಿಯಿಂದ ಪೆಟ್ರೋಲು ತನ್ನ ಭಾರದಿಂದಲೇ ಇಳಿದು, ಸಿಲಿಂಡರುಗಳ ಪಕ್ಕದ ತೆಳ್ಳನೆಯ ಕೋಣೆಗೆ ಜಿನುಗಿ, ಎಂಜಿನ್ನಿನ ಬಿಸಿಗೆ ಆವಿಯಾಗುತ್ತಿತ್ತು. ಒಂದೇ ವೇಗದಲ್ಲಿ ಓಡುವ 12 ಅಶ್ವಶಕ್ತಿಯ ಎಂಜಿನ್ನಿಗೆ ಅಷ್ಟೇ ಸಾಕಾಗಿತ್ತು. ಪೈಲಟ್ ಬಯಸಿದಂತೆ ಶಕ್ತಿಯನ್ನು ಏರಿಸಿ ಇಳಿಸಬೇಕೆಂದಾಗ ಇಂಧನವನ್ನು ಅಳೆದು ಕೊಡುವ ಸಾಧನ ಅಗತ್ಯವಾಯಿತು.

ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವುದು ಫ್ಲೋಟ್ ಕಾರ್ಬ್ಯುರೇಟರ್. ಅದರ ಒಂದು ಬದಿಯಲ್ಲಿ ಇಂಧನದ ಚಿಕ್ಕ ತೊಟ್ಟಿಯಿದೆ. ಅದರಲ್ಲಿ ತೇಲುವ ಫ್ಲೋಟ್, ಇಂಧನ ಒಂದು ಮಟ್ಟಕ್ಕೆ ಬಂದೊಡನೆ ಸೂಜಿ ಕವಾಟವನ್ನು ಮುಚ್ಚುತ್ತದೆ. ಪಕ್ಕದ ಗಾಳಿಕೊಳವೆಯ ನಡುಭಾಗ ಕಿರಿದಾಗಿದೆ, ಇದು ವೆಂಚುರಿ. ಗಾಳಿ ಆ ಕಿರಿದಾದ ಜಾಗದಲ್ಲಿ ವೇಗ ಪಡೆಯುತ್ತದೆ, ವೇಗ ಹೆಚ್ಚಾದಲ್ಲಿ ಒತ್ತಡ ಕುಸಿಯುತ್ತದೆ. ತೊಟ್ಟಿಯ ಮೇಲೆ ಹೊರಗಿನ ಗಾಳಿಯ ಒತ್ತಡ, ವೆಂಚುರಿಯಲ್ಲಿ ಅದಕ್ಕಿಂತ ಕಡಿಮೆ ಒತ್ತಡ. ಈ ವ್ಯತ್ಯಾಸದಿಂದ ಇಂಧನ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಮೇಲೆ ಬಂದು ಗಾಳಿಯಲ್ಲಿ ತುಂತುರಾಗಿ ಬೆರೆಯುತ್ತದೆ. ವೆಂಚುರಿಯ ನಂತರದ ತಿರುಗುವ ತಟ್ಟೆಯೇ ಥ್ರಾಟಲ್ ಕವಾಟ. ಅದು ತೆರೆದಷ್ಟು ಗಾಳಿ ಹೆಚ್ಚುತ್ತದೆ, ಗಾಳಿ ಹೆಚ್ಚಿದಷ್ಟು ಇಂಧನವೂ ಹೆಚ್ಚುತ್ತದೆ.

ಈ ವ್ಯವಸ್ಥೆಯ ದೊಡ್ಡ ಗುಣ ಸರಳತೆ. ಚಲಿಸುವ ಭಾಗಗಳು ಕೆಲವೇ. ಹೆಚ್ಚಿನ ಒತ್ತಡ ಬೇಡ, ವಿದ್ಯುತ್ತು ಬೇಡ. ಸೆಸ್ನಾ 150ರಂತಹ ಮೇಲ್ರೆಕ್ಕೆಯ ವಿಮಾನಗಳಲ್ಲಿ ಟ್ಯಾಂಕು ರೆಕ್ಕೆಯಲ್ಲಿ, ಅಂದರೆ ಎಂಜಿನ್ನಿಗಿಂತ ಎತ್ತರದಲ್ಲಿ ಇರುವುದರಿಂದ ಇಂಧನ ಗುರುತ್ವದಿಂದಲೇ ಇಳಿದು ಬರುತ್ತದೆ. ಪಂಪೇ ಇಲ್ಲದಿದ್ದ ಮೇಲೆ ಪಂಪು ಕೆಡುವ ಪ್ರಶ್ನೆಯೂ ಇಲ್ಲ.

ಇದೇ ಸರಳತೆಯಲ್ಲಿ ಒಂದು ಕೊರತೆಯೂ ಅಡಗಿದೆ. ನಾಲ್ಕು ಅಥವಾ ಆರು ಸಿಲಿಂಡರುಗಳಿಗೆ ಒಂದೇ ಕಡೆ ಮಿಶ್ರಣ ತಯಾರಾಗಿ, ಬೇರೆ ಬೇರೆ ಉದ್ದದ, ಬೇರೆ ಬೇರೆ ತಿರುವುಗಳ ಕೊಳವೆಗಳಲ್ಲಿ ಹಂಚಿಹೋಗುತ್ತದೆ. ಗಾಳಿ ತಿರುವಿನಲ್ಲಿ ಸಲೀಸಾಗಿ ಹೊರಳುತ್ತದೆ, ಅದಕ್ಕಿಂತ ಭಾರವಾದ ಇಂಧನದ ಹನಿಗಳು ಹೊರಳುವುದಿಲ್ಲ. ಹೀಗಾಗಿ ಒಂದು ಸಿಲಿಂಡರಿಗೆ ಇಂಧನ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಪೈಲಟ್ ಇಂಧನ ಉಳಿಸಲು ಮಿಕ್ಸ್ಚರ್ ಇಳಿಸುತ್ತ ಹೋದರೆ ಮೊದಲೇ ಕಡಿಮೆ ಸಿಗುತ್ತಿದ್ದ ಸಿಲಿಂಡರ್ ಮುಗ್ಗರಿಸತೊಡಗುತ್ತದೆ, ಎಂಜಿನ್ ಅದುರುತ್ತದೆ. ಉಳಿದವುಗಳಿಗೆ ಇನ್ನೂ ಇಳಿಸಲು ಅವಕಾಶವಿದ್ದರೂ ಅಲ್ಲಿಗೇ ನಿಲ್ಲಿಸಬೇಕಾಗುತ್ತದೆ.

ಸೆಖೆಯ ದಿನದಲ್ಲೂ ಮಂಜುಗಡ್ಡೆ

ಕಾರ್ಬ್ಯುರೇಟರಿನ ಅತ್ಯಂತ ಅಪಾಯಕಾರಿ ದೋಷ ಅದರೊಳಗೆ ಮಂಜುಗಡ್ಡೆ ಕಟ್ಟುವುದು. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ; ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಈ ಕಾರಣಕ್ಕೇ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಕ್ಷಣಮಾತ್ರದಲ್ಲಿ ಆವಿಯಾಗುತ್ತದೆ. ಅದರ ಜೊತೆಗೆ ವೆಂಚುರಿಯಲ್ಲಿ ಒತ್ತಡ ಕುಸಿಯುವುದರಿಂದಲೂ ಗಾಳಿ ತಣಿಯುತ್ತದೆ. ಎರಡೂ ಸೇರಿ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕುಸಿಯಬಲ್ಲದು. ಹೊರಗೆ 22 ಡಿಗ್ರಿ ಇದ್ದರೂ ಒಳಗೆ ಸೊನ್ನೆಗಿಂತ ಕೆಳಗೆ. ಗಾಳಿಯಲ್ಲಿನ ತೇವ ಥ್ರಾಟಲ್ ತಟ್ಟೆಯ ಅಂಚಿಗೆ, ವೆಂಚುರಿಯ ಗೋಡೆಗೆ ಹೆಪ್ಪುಗಟ್ಟುತ್ತದೆ. ಗಾಳಿಯ ದಾರಿ ಕಿರಿದಾಗುತ್ತ ಹೋಗಿ ಕೊನೆಗೆ ಎಂಜಿನ್ ನಿಲ್ಲುತ್ತದೆ.

ಹಿಮ ಬೀಳುವ ಊರಿನವರಿಗಷ್ಟೇ ಈ ಚಿಂತೆ ಎಂದುಕೊಳ್ಳುವುದು ಸಹಜ, ಆದರೆ ಅದು ತಪ್ಪು. ಹೊರಗಿನ ಉಷ್ಣತೆ 21 ಡಿಗ್ರಿಗಿಂತ ಕಡಿಮೆಯಿದ್ದು ಸಾಪೇಕ್ಷ ತೇವಾಂಶ 80 ಪ್ರತಿಶತಕ್ಕಿಂತ ಹೆಚ್ಚಿದ್ದಾಗ ಮಂಜುಗಡ್ಡೆ ಕಟ್ಟುವ ಸಾಧ್ಯತೆ ಅತಿ ಹೆಚ್ಚು ಎಂದು ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆಯ ಪೈಲಟ್ ಕೈಪಿಡಿ ಹೇಳುತ್ತದೆ. 38 ಡಿಗ್ರಿಯಷ್ಟು ಬಿಸಿ ಇದ್ದು ತೇವಾಂಶ 50 ಪ್ರತಿಶತ ಇದ್ದಾಗಲೂ ಅದು ಕಟ್ಟಬಹುದೆಂದು ಅದೇ ಕೈಪಿಡಿ ಎಚ್ಚರಿಸುತ್ತದೆ. ಮೈಕೊರೆಯುವ ಒಣ ಚಳಿಯಲ್ಲಿ ಅಪಾಯ ವಾಸ್ತವವಾಗಿ ಕಡಿಮೆ, ಏಕೆಂದರೆ ಆ ಗಾಳಿಯಲ್ಲಿ ಹೆಪ್ಪುಗಟ್ಟಲು ತೇವವೇ ಇರುವುದಿಲ್ಲ. ಜುಲೈ ತಿಂಗಳಲ್ಲಿ ಮೋಡ ಕವಿದ, 20 ಡಿಗ್ರಿಯ ಬೆಂಗಳೂರಿನ ಬೆಳಗು ಈ ಲೆಕ್ಕದಲ್ಲಿ ಅಪಾಯದ ವಲಯದ ನಡುಮಧ್ಯೆ ಬರುತ್ತದೆ.

ಅಪಾಯ ಇನ್ನಷ್ಟು ಹೆಚ್ಚುವುದು ಇಳಿಯುವಾಗ. ಶಕ್ತಿ ಇಳಿಸಿದಾಗ ಥ್ರಾಟಲ್ ತಟ್ಟೆ ಬಹುತೇಕ ಮುಚ್ಚಿ ಸಣ್ಣ ಸಂದಿಯಷ್ಟೇ ಉಳಿದಿರುತ್ತದೆ. ಅದನ್ನು ಮುಚ್ಚಲು ತೆಳುಪದರದ ಮಂಜುಗಡ್ಡೆ ಸಾಕು. ಎಂಜಿನ್ ಹೇಗೂ ಮೆಲ್ಲಗೆ ಓಡುತ್ತಿರುವುದರಿಂದ ಪೈಲಟ್‌ಗೆ ಸುಳಿವೂ ಸಿಗುವುದಿಲ್ಲ. ರನ್‌ವೇ ಸಮೀಪಿಸಿ ಮತ್ತೆ ಶಕ್ತಿ ಬೇಕೆಂದು ಥ್ರಾಟಲ್ ಒತ್ತಿದಾಗಲೇ ಎಂಜಿನ್ ಸ್ಪಂದಿಸುತ್ತಿಲ್ಲವೆಂದು ತಿಳಿಯುವುದು.

ಎಲ್ಲ ಎಂಜಿನ್‌ಗಳಲ್ಲೂ ಈ ಕಾಟ ಒಂದೇ ಪ್ರಮಾಣದಲ್ಲಿಲ್ಲ. ಲೈಕಮಿಂಗ್ ಎಂಜಿನ್‌ಗಳಲ್ಲಿ ಕಾರ್ಬ್ಯುರೇಟರನ್ನು ಬಿಸಿ ಎಣ್ಣೆ ತುಂಬಿದ ತೊಟ್ಟಿಗೆ ಬಿಗಿದಿರುತ್ತಾರೆ, ಮಿಶ್ರಣ ಸಾಗುವ ಕೊಳವೆಗಳೂ ಆ ತೊಟ್ಟಿಯ ಮೂಲಕವೇ ಹಾಯುತ್ತವೆ. ಹಳೆಯ ಕಾಂಟಿನೆಂಟಲ್ ಎಂಜಿನ್‌ಗಳಿಗೆ ಆ ಶಾಖದ ಆಸರೆ ಇಲ್ಲ. ಸೆಸ್ನಾ 150ರ 100 ಅಶ್ವಶಕ್ತಿಯ ಕಾಂಟಿನೆಂಟಲ್ ಒ-200 ಈ ವಿಷಯದಲ್ಲಿ ಕುಖ್ಯಾತ.

ಕಾರ್ಬ್ ಹೀಟ್ ಬಳಸುವ ಕ್ರಮ

ಮಂಜುಗಡ್ಡೆಗೆ ಮದ್ದು ಕಾರ್ಬ್ ಹೀಟ್ ಎಂಬ ಗುಬುಟು. ಅದನ್ನೆಳೆದರೆ ಹೊರಗಿನ ತಣ್ಣನೆಯ ಗಾಳಿಯ ದಾರಿ ಮುಚ್ಚಿ, ಹೊಗೆಕೊಳವೆಯ ಸುತ್ತಲಿನ ತಗಡಿನ ಹೊದಿಕೆಯಲ್ಲಿ ಕಾದ ಗಾಳಿ ಕಾರ್ಬ್ಯುರೇಟರಿಗೆ ಬರುತ್ತದೆ. ಬಿಸಿ ಗಾಳಿ ತೆಳುವಾದ್ದರಿಂದ ಎಂಜಿನ್ನಿನ ಶಕ್ತಿ ತುಸು ಇಳಿಯುತ್ತದೆ. ಒಳಗೆ ಮಂಜುಗಡ್ಡೆ ಇದ್ದರೆ ಅದು ಕರಗಿದ ನೀರು ಸಿಲಿಂಡರುಗಳಿಗೆ ಹೋಗಿ ಎಂಜಿನ್ ಕೆಲಕ್ಷಣ ಕೆಮ್ಮುತ್ತದೆ, ಆಮೇಲೆ ಚೇತರಿಸಿಕೊಳ್ಳುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಎಂಜಿನ್ ಕೆಮ್ಮಿದ್ದು ಕಂಡು, ಗುಬುಟು ಎಳೆದದ್ದೇ ತಪ್ಪಾಯಿತೆಂದು ಗಾಬರಿಯಾಗಿ ಅದನ್ನು ಮತ್ತೆ ಒಳಗೆ ದೂಡುತ್ತಾರೆ. ಆ ಕೆಮ್ಮು ಮದ್ದು ನಾಟುತ್ತಿರುವುದರ ಗುರುತು. ಗುಬುಟನ್ನು ಹಾಗೆಯೇ ಬಿಡಬೇಕು.

ಇನ್ನೆರಡು ನಿಯಮಗಳಿವೆ. ಇಳಿಯುವಾಗ ಶಕ್ತಿ ಇಳಿಸುವುದಕ್ಕೆ ಮೊದಲೇ ಕಾರ್ಬ್ ಹೀಟ್ ಎಳೆಯಬೇಕು. ಶಕ್ತಿ ಇಳಿದ ಮೇಲೆ ಹೊಗೆಕೊಳವೆಯೂ ತಣ್ಣಗಾಗುತ್ತದೆ, ಎಂಜಿನ್ ನಿಂತೇಹೋದರೆ ಮಂಜುಗಡ್ಡೆ ಕರಗಿಸುವ ಶಾಖ ಎಲ್ಲಿಂದಲೂ ಸಿಗುವುದಿಲ್ಲ. ಎರಡನೆಯದಾಗಿ, ಬಿಸಿ ಗಾಳಿ ಸಾಮಾನ್ಯವಾಗಿ ಸೋಸುಜಾಲರಿಯ ಮೂಲಕ ಬರುವುದಿಲ್ಲ. ಆದ್ದರಿಂದ ಧೂಳಿರುವ ನೆಲದ ಮೇಲೆ ಪರೀಕ್ಷೆಗೆ ಬೇಕಾದಷ್ಟೇ ಹೊತ್ತು ಅದನ್ನು ಬಳಸಬೇಕು.

ಯುದ್ಧ ಕಲಿಸಿದ ಪಾಠ

ಫ್ಲೋಟ್ ತೊಟ್ಟಿ ನಂಬಿರುವುದು ಗುರುತ್ವವನ್ನು. ವಿಮಾನದ ಮೂತಿಯನ್ನು ಥಟ್ಟನೆ ಕೆಳಗೆ ದೂಡಿದರೆ ಒಳಗಿನ ಎಲ್ಲವೂ ಮೇಲಕ್ಕೆ ಚಿಮ್ಮುತ್ತವೆ, ತೊಟ್ಟಿಯ ಇಂಧನ ಕೂಡ. ಎರಡನೇ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ಪೈಲಟ್‌ಗಳಿಗೆ ಇದು ಜೀವನ್ಮರಣದ ಪ್ರಶ್ನೆಯಾಯಿತು. ಅವರ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನಿನಲ್ಲಿ ಇದ್ದದ್ದು ಫ್ಲೋಟ್ ಕಾರ್ಬ್ಯುರೇಟರ್. ಜರ್ಮನಿಯ ಮೆಸ್ಸರ್‌ಶ್ಮಿಟ್ 109ರ ಡೈಮ್ಲರ್ ಬೆನ್ಜ್ ಎಂಜಿನ್ನಿನಲ್ಲಿ ಸಿಲಿಂಡರಿನೊಳಕ್ಕೇ ಇಂಧನ ಚಿಮ್ಮಿಸುವ ಇಂಜೆಕ್ಷನ್ ಇತ್ತು. ಬೆನ್ನು ಹತ್ತಿದ ಬ್ರಿಟಿಷ್ ವಿಮಾನದಿಂದ ಪಾರಾಗಲು ಜರ್ಮನ್ ಪೈಲಟ್ ಮೂತಿ ತಗ್ಗಿಸಿ ನೇರ ಕೆಳಗೆ ಧುಮುಕಿದರೆ ಸಾಕಿತ್ತು. ಹಿಂಬಾಲಿಸಲು ಹೋದ ಮರ್ಲಿನ್ ಎಂಜಿನ್ ಮುಗ್ಗರಿಸುತ್ತಿತ್ತು.

ಮುಗ್ಗರಿಕೆಗೆ ಎರಡು ಹಂತಗಳಿದ್ದವು. ಮೊದಲು ಇಂಧನ ತೊಟ್ಟಿಯ ಮೇಲ್ಭಾಗಕ್ಕೆ ಸಿಡಿದು ಜೆಟ್‌ಗೆ ಪೆಟ್ರೋಲು ಸಿಗದೆ ಎಂಜಿನ್ ಕ್ಷಣಕಾಲ ಸೊರಗುತ್ತಿತ್ತು. ಆಮೇಲೆ ಫ್ಲೋಟ್ ತಪ್ಪು ದಿಕ್ಕಿಗೆ ಹೊರಳಿ ಸೂಜಿ ಕವಾಟ ಪೂರ್ತಿ ತೆರೆದುಕೊಂಡು, ಪಂಪು ತಡೆಯಿಲ್ಲದೆ ಇಂಧನ ಸುರಿದು ಎಂಜಿನ್ ಉಸಿರುಕಟ್ಟುತ್ತಿತ್ತು. ಹೆಚ್ಚು ಕಾಡಿದ್ದು ಈ ಎರಡನೆಯದೇ. 1941ರಲ್ಲಿ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಇದಕ್ಕೆ ಅಚ್ಚರಿಯಷ್ಟು ಸರಳವಾದ ಪರಿಹಾರ ಕಂಡುಕೊಂಡರು. ಇಂಧನದ ಕೊಳವೆಯಲ್ಲಿ ಅಳತೆ ಮಾಡಿ ಕೊರೆದ ರಂಧ್ರವಿರುವ ಪುಟ್ಟ ಲೋಹದ ತಡೆ. ಎಂಜಿನ್ ಪೂರ್ತಿ ಶಕ್ತಿಯಲ್ಲಿದ್ದಾಗ ಎಷ್ಟು ಇಂಧನ ಬೇಕೋ ಅಷ್ಟನ್ನು ಮಾತ್ರ ಅದು ಬಿಡುತ್ತಿತ್ತು. ವಿಮಾನಗಳನ್ನು ಯುದ್ಧದಿಂದ ಹಿಂದೆ ಕರೆಸದೆಯೇ ಅದನ್ನು ಕೂರಿಸಬಹುದಾಗಿತ್ತು.

ಆದರೂ ರೋಲ್ಸ್ ರಾಯ್ಸ್ ಕಾರ್ಬ್ಯುರೇಟರನ್ನು ಆರಿಸಿದ್ದು ಅಜ್ಞಾನದಿಂದಲ್ಲ. ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳಿಸುವ ಸೂಪರ್‌ಚಾರ್ಜರಿಗಿಂತ ಮೊದಲೇ ಇಂಧನ ಆವಿಯಾದರೆ ಒಳಹೋಗುವ ಗಾಳಿ ಸುಮಾರು 25 ಡಿಗ್ರಿ ತಣಿಯುತ್ತಿತ್ತು. ತಣ್ಣನೆಯ ಗಾಳಿ ಹೆಚ್ಚು ಸಾಂದ್ರ, ಅದರಿಂದ ಶಕ್ತಿಯೂ ಹೆಚ್ಚು. ಸಣ್ಣ ವಿಮಾನದಲ್ಲಿ ಮಂಜುಗಡ್ಡೆ ಕಟ್ಟಿಸುವ ಅದೇ ತಂಪು ಮರ್ಲಿನ್‌ಗೆ ಬಲ ಕೊಟ್ಟಿತ್ತು.

ಇಂಜೆಕ್ಷನ್ ಕೆಲಸ ಮಾಡುವ ಬಗೆ

ಯುದ್ಧಾನಂತರ ಇಂಜೆಕ್ಷನ್ ಖಾಸಗಿ ವಿಮಾನಗಳಿಗೂ ಇಳಿದು ಬಂತು. 1957ರ ಬೀಚ್‌ಕ್ರಾಫ್ಟ್ ಬೊನಾಂಜಾ ಜೆ35 ಮಾದರಿಗೆ ಕಾಂಟಿನೆಂಟಲ್ ಕಂಪನಿಯ 250 ಅಶ್ವಶಕ್ತಿಯ ಇಂಜೆಕ್ಷನ್ ಎಂಜಿನ್ ಬಂದಿತು. ಎಂಜಿನ್ನಿನ ಮಾದರಿ ಸಂಖ್ಯೆಯಲ್ಲೇ ಇದರ ಗುರುತಿದೆ. ಒ-360 ಎಂದರೆ ಎದುರುಬದುರು ಸಿಲಿಂಡರುಗಳ, ಸುಮಾರು 360 ಘನ ಅಂಗುಲದ, ಅಂದರೆ 5.9 ಲೀಟರಿನ ಎಂಜಿನ್. ಮುಂದೆ ‘ಐ’ ಸೇರಿ ಐಒ-360 ಆದರೆ ಇಂಜೆಕ್ಷನ್ ಇದೆ ಎಂದರ್ಥ.

ಇಂದಿನ ಕಾರಿನ ಇಂಜೆಕ್ಷನ್ ಬಲ್ಲವರು ವಿಮಾನದ ಎಂಜಿನ್ ನೋಡಿದರೆ ಬೆರಗಾಗಬಹುದು. ಅಲ್ಲಿ ಕಂಪ್ಯೂಟರಿಲ್ಲ, ಸೆನ್ಸರಿಲ್ಲ, ವೈರಿಲ್ಲ. ಕವಾಟ ತೆರೆಯುವ ಗಳಿಗೆ ನೋಡಿ ಇಂಧನ ಚಿಮ್ಮಿಸುವ ಲೆಕ್ಕಾಚಾರವೂ ಇಲ್ಲ. ಪ್ರತಿ ಸಿಲಿಂಡರಿನ ಇನ್‌ಟೇಕ್ ಕವಾಟದ ಹಿಂದೆ ಒಂದು ನಾಝಲ್ ಇದ್ದು, ಎಂಜಿನ್ ಓಡುವಷ್ಟು ಹೊತ್ತೂ ಅದರಿಂದ ಇಂಧನ ಒಂದೇ ಸಮನೆ ಸಿಂಪಡಣೆಯಾಗುತ್ತದೆ. ಕವಾಟ ಮುಚ್ಚಿದ್ದಾಗ ಅಲ್ಲೇ ಆವಿಯಾಗಿ ಕಾಯುತ್ತದೆ, ತೆರೆದಾಗ ಒಳಗೆ ಹೋಗುತ್ತದೆ.

ಎಷ್ಟು ಇಂಧನ ಎಂಬುದನ್ನು ನಿರ್ಧರಿಸುವಲ್ಲಿ ಎರಡು ಪಂಥಗಳಿವೆ. ಲೈಕಮಿಂಗ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ, ಬೆಂಡಿಕ್ಸ್ ರೂಪಿಸಿದ ಆರ್‌ಎಸ್‌ಎ ವ್ಯವಸ್ಥೆ ಗಾಳಿಯನ್ನು ಅಳೆಯುತ್ತದೆ. ಒಳಬರುವ ಗಾಳಿಯ ಹೊಡೆತದ ಒತ್ತಡಕ್ಕೂ ವೆಂಚುರಿಯ ಹೀರಿಕೆಗೂ ನಡುವಿನ ವ್ಯತ್ಯಾಸ ಒಂದು ತೆಳುಪರದೆಯನ್ನು ಬಾಗಿಸುತ್ತದೆ, ಆ ಬಾಗುವಿಕೆ ಇಂಧನದ ಕವಾಟವನ್ನು ತೆರೆಯುತ್ತದೆ. ಕಾಂಟಿನೆಂಟಲ್ ವ್ಯವಸ್ಥೆ ಗಾಳಿಯನ್ನು ಅಳೆಯುವ ಗೊಡವೆಗೇ ಹೋಗುವುದಿಲ್ಲ. ಎಂಜಿನ್ ತಿರುಗಿದಷ್ಟು ಪಂಪಿನ ಒತ್ತಡ ಏರುತ್ತದೆ, ಥ್ರಾಟಲ್ ತೆರೆದಷ್ಟು ಅದಕ್ಕೆ ಜೋಡಿಸಿದ ಇಂಧನದ ಕವಾಟವೂ ತೆರೆಯುತ್ತದೆ. ಎರಡರಲ್ಲೂ ಇಂಧನ ಕೊನೆಗೆ ಎಂಜಿನ್ನಿನ ನೆತ್ತಿಯ ಮೇಲಿರುವ ಹಂಚುಪೆಟ್ಟಿಗೆಗೆ ಬಂದು, ಅಲ್ಲಿಂದ ಸಣ್ಣ ಸ್ಟೀಲ್ ಕೊಳವೆಗಳಲ್ಲಿ ನಾಝಲ್‌ಗಳಿಗೆ ಹೋಗುತ್ತದೆ. ಕೊಳವೆಗಳು ಹಲವು ಕಾಲುಗಳಂತೆ ಹರಡಿರುವುದರಿಂದ ಮೆಕ್ಯಾನಿಕ್‌ಗಳು ಆ ಪೆಟ್ಟಿಗೆಯನ್ನು ಸ್ಪೈಡರ್ ಎಂದೇ ಕರೆಯುತ್ತಾರೆ.

ಇಂಜೆಕ್ಷನ್‌ನ ಲಾಭಗಳು

ದೊಡ್ಡ ಲಾಭ ಮಂಜುಗಡ್ಡೆಯಿಂದ ಬಿಡುಗಡೆ. ಇಂಧನ ಆವಿಯಾಗುವ ಜಾಗ ಬಿಸಿ ಸಿಲಿಂಡರಿನ ಪಕ್ಕಕ್ಕೆ ಸರಿದಿದ್ದರಿಂದ ಥ್ರಾಟಲ್ ಬಳಿ ಆ ತೀವ್ರ ತಂಪು ಉಂಟಾಗುವುದಿಲ್ಲ. ಹಾಗೆಂದು ಪೂರ್ತಿ ಮೈಮರೆಯುವಂತಿಲ್ಲ. ಮೋಡದಲ್ಲಿ ಹಾರುವಾಗ ಗಾಳಿಯ ಸೋಸುಜಾಲರಿಗೇ ಹಿಮ ಮೆತ್ತಿಕೊಳ್ಳಬಹುದು. ಅದಕ್ಕಾಗಿ ಇಂಜೆಕ್ಷನ್ ವಿಮಾನಗಳಲ್ಲಿ ಬೇರೆ ದಾರಿಯಿಂದ ಗಾಳಿ ಬಿಡುವ ಬಾಗಿಲೊಂದಿರುತ್ತದೆ.

ಎರಡನೆಯ ಲಾಭ ಸಮ ಹಂಚಿಕೆ. ಪ್ರತಿ ಸಿಲಿಂಡರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಇಂಧನ ಸಿಗುವುದರಿಂದ ಎಂಜಿನ್ ಅದುರದೆ ಹೆಚ್ಚು ಲೀನ್ ಆಗಿ ಓಡಬಲ್ಲದು, ದೂರದ ಹಾರಾಟದಲ್ಲಿ ಪೆಟ್ರೋಲು ಉಳಿಯುತ್ತದೆ. ಅಮೆರಿಕದ ಓಕ್ಲಹೋಮಾದ ಗಾಮಿ ಕಂಪನಿ ಒಂದೊಂದು ಸಿಲಿಂಡರಿಗೂ ಅಳತೆ ಹೊಂದಿಸಿದ ನಾಝಲ್‌ಗಳನ್ನು ಮಾರಿ ಈ ಲಾಭವನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. ಮೂರನೆಯದು, ಫ್ಲೋಟ್ ಇಲ್ಲದ್ದರಿಂದ ವಿಮಾನ ತಲೆಕೆಳಗಾದರೂ ಇಂಧನ ಅಳೆಯುವ ಕೆಲಸ ಕೆಡುವುದಿಲ್ಲ. ಕಸರತ್ತಿನ ಹಾರಾಟಕ್ಕಾಗಿ ತಯಾರಾಗುವ ಲೈಕಮಿಂಗ್ ಎಂಜಿನ್‌ಗಳ ಹೆಸರು ಎಇಐಒ ಎಂದು ಶುರುವಾಗುತ್ತದೆ. ಅದರಲ್ಲೂ ಆ ‘ಐ’ ಇದೆ.

ಬಿಸಿ ಎಂಜಿನ್, ಆವಿಯ ಕಾಟ

ಇಂಜೆಕ್ಷನ್‌ನ ತೊಂದರೆ ಶುರುವಾಗುವುದು ವಿಮಾನ ನಿಂತ ಮೇಲೆ. ಹಾರಾಟದಲ್ಲಿ ಎಂಜಿನ್ನನ್ನು ತಣಿಸುವ ಗಾಳಿ ಈಗಿಲ್ಲ. ಕಲಬುರಗಿಯಂತಹ ಊರಿನ 40 ಡಿಗ್ರಿಯ ಏಪ್ರಿಲ್ ಮಧ್ಯಾಹ್ನ, ಮುಚ್ಚಿದ ಹೊದಿಕೆಯೊಳಗೆ ಸಿಲಿಂಡರುಗಳ ಶಾಖವೆಲ್ಲ ಮೇಲಕ್ಕೇರುತ್ತದೆ. ಇಂಧನದ ಸಣ್ಣ ಕೊಳವೆಗಳು ಇರುವುದೂ ಮೇಲೆಯೇ. ಅವುಗಳಲ್ಲಿನ ಪೆಟ್ರೋಲು ಕುದಿದು ಆವಿಯಾಗುತ್ತದೆ. ಅರ್ಧ ಗಂಟೆ ಬಿಟ್ಟು ಎಂಜಿನ್ ಚಾಲೂ ಮಾಡಲು ಹೋದರೆ ನಾಝಲ್‌ಗಳಿಂದ ಇಂಧನದ ಬದಲು ಆವಿ ಬರುತ್ತದೆ. ಇದನ್ನು ವೇಪರ್ ಲಾಕ್ ಎನ್ನುತ್ತಾರೆ.

ಪರಿಹಾರ ಎಂಜಿನ್ನಿನ ಮೇಲೆ ಅವಲಂಬಿತ. ಲೈಕಮಿಂಗ್‌ನಲ್ಲಿ ಹೆಚ್ಚಾಗಿ ಮಿಕ್ಸ್ಚರ್ ಬಂದ್ ಇಟ್ಟು, ಥ್ರಾಟಲ್ ಕೊಂಚ ತೆರೆದು ಸ್ಟಾರ್ಟರ್ ತಿರುಗಿಸುತ್ತಾರೆ. ಎಂಜಿನ್ ಹೊತ್ತಿಕೊಂಡ ಕೂಡಲೇ ಮಿಕ್ಸ್ಚರ್ ಮುಂದಕ್ಕೆ ದೂಡುತ್ತಾರೆ. ಕಾಂಟಿನೆಂಟಲ್‌ನಲ್ಲಿ ಇಂಧನ ಟ್ಯಾಂಕಿಗೆ ಮರಳುವ ದಾರಿಯಿದೆ. ಹಾಗಾಗಿ ಮಿಕ್ಸ್ಚರ್ ಬಂದ್ ಇರುವಾಗಲೇ ವಿದ್ಯುತ್ ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಟ್ಯಾಂಕಿನ ತಣ್ಣನೆಯ ಪೆಟ್ರೋಲಿನಿಂದ ಪಂಪು ಮತ್ತು ಕೊಳವೆಗಳನ್ನು ತಣಿಸಿ ಆಮೇಲೆ ಚಾಲೂ ಮಾಡುತ್ತಾರೆ. ಪ್ರತಿ ವಿಮಾನದ ಕೈಪಿಡಿಯಲ್ಲೂ ಅದರದೇ ಕ್ರಮ ಬರೆದಿರುತ್ತದೆ, ಅದನ್ನೇ ಅನುಸರಿಸಬೇಕು.

ಚಾಲೂ ಮಾಡುವಾಗಿನ ತಪ್ಪಿನಲ್ಲಿ ಕಾರ್ಬ್ಯುರೇಟರ್ ಕೂಡ ಹಿಂದೆ ಬಿದ್ದಿಲ್ಲ. ಅದು ಎಂಜಿನ್ನಿನ ಕೆಳಗಿರುವುದರಿಂದ, ಥ್ರಾಟಲನ್ನು ಹಲವು ಸಲ ಒತ್ತಿ ಇಂಧನ ಪಂಪು ಮಾಡಿದರೆ ಪೆಟ್ರೋಲು ಮೇಲೇರದೆ ಗಾಳಿಪೆಟ್ಟಿಗೆಗೆ ಸುರಿಯುತ್ತದೆ. ಆಗ ಎಂಜಿನ್ ಹಿಂದಕ್ಕೆ ಸಿಡಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ಇಂಜೆಕ್ಷನ್‌ಗೆ ಕಸ ಆಗದು. ನಾಝಲ್‌ನ ರಂಧ್ರ ಎಷ್ಟು ಸಣ್ಣದೆಂದರೆ ಪುಟ್ಟ ಕಣವೂ ಅದನ್ನು ಅಡ್ಡಗಟ್ಟಬಲ್ಲದು. ಆಗ ಆ ಒಂದು ಸಿಲಿಂಡರ್ ಲೀನ್ ಆಗುತ್ತದೆ. ಇಲ್ಲೊಂದು ವಿಚಿತ್ರವಿದೆ. ಹಳೆಯ ವಿಮಾನಗಳ ಫ್ಯೂಯಲ್ ಫ್ಲೋ ಮೀಟರ್ ನಿಜವಾಗಿ ಅಳೆಯುವುದು ಒತ್ತಡವನ್ನು. ನಾಝಲ್ ಕಟ್ಟಿಕೊಂಡಾಗ ಒತ್ತಡ ಏರುವುದರಿಂದ, ಎಂಜಿನ್ನಿಗೆ ಹೋಗುವ ಇಂಧನ ಕಡಿಮೆಯಾಗಿದ್ದರೂ ಮುಳ್ಳು ಮಾತ್ರ ಹೆಚ್ಚು ತೋರಿಸುತ್ತದೆ.

ಎಲೆಕ್ಟ್ರಾನಿಕ್ ಇಂಜೆಕ್ಷನ್

ಕಾರುಗಳು ದಶಕಗಳ ಹಿಂದೆಯೇ ಎಲೆಕ್ಟ್ರಾನಿಕ್ ಆದರೂ ವಿಮಾನಗಳು ಹಿಂದೇಟು ಹಾಕಿದ್ದಕ್ಕೆ ಕಾರಣವಿದೆ. ವಿಮಾನದ ಎಂಜಿನ್ನಿನಲ್ಲಿ ಕಿಡಿ ಹುಟ್ಟಿಸುವುದು ಮ್ಯಾಗ್ನೆಟೊ. ಅದು ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೂ ಮೆಕ್ಯಾನಿಕಲ್ ಇಂಜೆಕ್ಷನ್‌ಗೂ ವಿದ್ಯುತ್ತು ಬೇಡ. ಬ್ಯಾಟರಿ, ಆಲ್ಟರ್ನೇಟರ್ ಎರಡೂ ಸತ್ತರೂ ಎಂಜಿನ್ ಓಡುತ್ತಲೇ ಇರುತ್ತದೆ. ಕಂಪ್ಯೂಟರ್ ಬಂದರೆ ಈ ಸ್ವಾತಂತ್ರ್ಯ ಹೋಗುತ್ತದೆ. ಕಾರು ನಿಂತರೆ ರಸ್ತೆಬದಿಗೆ ತಳ್ಳಬಹುದು, ಆಕಾಶದಲ್ಲಿ ಆ ಅನುಕೂಲವಿಲ್ಲ.

ಆಸ್ಟ್ರಿಯಾದ ರೋಟ್ಯಾಕ್ಸ್ ಕಂಪನಿ 2012ರಲ್ಲಿ ತಂದ 912 ಐಎಸ್ ಎಂಜಿನ್ ಈ ಭಯಕ್ಕೆ ಜೋಡಿ ವ್ಯವಸ್ಥೆಯಿಂದ ಉತ್ತರ ಕೊಟ್ಟಿತು. ಎರಡು ಪ್ರತ್ಯೇಕ ನಿಯಂತ್ರಣ ಸರ್ಕ್ಯೂಟುಗಳು, ಎಂಜಿನ್ನಿನಲ್ಲೇ ಎರಡು ಜನರೇಟರುಗಳು, ಪ್ರತಿ ಸಿಲಿಂಡರಿಗೆ ಎರಡು ಇಂಜೆಕ್ಟರುಗಳು. ಒಂದು ಕೈಕೊಟ್ಟರೆ ಇನ್ನೊಂದು ವಹಿಸಿಕೊಳ್ಳುತ್ತದೆ. ಗಾಳಿಯ ಒತ್ತಡ, ಉಷ್ಣತೆಗಳನ್ನು ಅದು ತಾನೇ ಅಳೆದು ಇಂಧನ ಹದ ಮಾಡುವುದರಿಂದ ಮಿಕ್ಸ್ಚರ್ ಗುಬುಟು, ಕಾರ್ಬ್ ಹೀಟ್ ಎರಡೂ ಇಲ್ಲ. ಅದಕ್ಕಿಂತ ಹಿಂದಿನ, ಎರಡು ಬಿಂಗ್ ಕಾರ್ಬ್ಯುರೇಟರುಗಳ 912 ಯುಎಲ್‌ಎಸ್ ಎಂಜಿನ್ನನ್ನೂ ಕಂಪನಿ ಕೈಬಿಡಲಿಲ್ಲ.

ಬೆಂಗಳೂರಿನ ವಿಮಾನಗಳಲ್ಲಿ

ಈ ಬದಲಾವಣೆಯ ಎಲ್ಲ ಘಟ್ಟಗಳನ್ನೂ ಬೆಂಗಳೂರಿನಲ್ಲೇ ರೂಪುಗೊಂಡ ವಿಮಾನಗಳಲ್ಲಿ ಕಾಣಬಹುದು. ಮುಂದೆ ಎಚ್‌ಎಎಲ್ ಆದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯ ಪುಷ್ಪಕ್ 1958ರಲ್ಲಿ ಮೊದಲು ಹಾರಿತು. ಎರಡು ಸೀಟು, ಬಟ್ಟೆ ಹೊದಿಸಿದ ಮೇಲ್ರೆಕ್ಕೆ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಸಿ90 ಎಂಜಿನ್, ಅದಕ್ಕೆ ಫ್ಲೋಟ್ ಕಾರ್ಬ್ಯುರೇಟರ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಹಾರಲು ಕಲಿತದ್ದು ಅದರಲ್ಲೇ.

ಎಚ್‌ಎಎಲ್‌ನ ಎಚ್‌ಪಿಟಿ-32 ದೀಪಕ್ 1977ರಲ್ಲಿ ಮೊದಲು ಹಾರಿತು. ವಾಯುಪಡೆಯ ಹೊಸ ಕೆಡೆಟ್‌ಗಳ ತರಬೇತಿಗೆಂದು ಬಂದ ಈ ವಿಮಾನದಲ್ಲಿ 260 ಅಶ್ವಶಕ್ತಿಯ ಲೈಕಮಿಂಗ್ ಎಇಐಒ-540, ಅಂದರೆ ಕಸರತ್ತಿಗೆ ಒಗ್ಗುವ ಮೆಕ್ಯಾನಿಕಲ್ ಇಂಜೆಕ್ಷನ್ ಎಂಜಿನ್ ಇತ್ತು. ಹಾರಾಟದಲ್ಲೇ ಎಂಜಿನ್ ನಿಂತ ಪ್ರಕರಣಗಳು ಅದನ್ನು ಮತ್ತೆ ಮತ್ತೆ ಕಾಡಿದವು. 2009ರ ಜುಲೈನಲ್ಲಿ ಇಬ್ಬರು ಬೋಧಕ ಪೈಲಟ್‌ಗಳು ಮೃತಪಟ್ಟ ಅಪಘಾತದ ನಂತರ ವಾಯುಪಡೆ ಅದರ ಹಾರಾಟ ನಿಲ್ಲಿಸಿತು. ಟ್ಯಾಂಕಿನಿಂದ ನಾಝಲ್‌ವರೆಗಿನ ಇಡೀ ದಾರಿ ಸರಿಯಿಲ್ಲದಿದ್ದರೆ ಎಂಜಿನ್ನಿನ ಹೆಸರಿನಲ್ಲಿ ‘ಐ’ ಇದ್ದ ಮಾತ್ರಕ್ಕೆ ಅದು ನಂಬಿಕಸ್ಥ ಆಗುವುದಿಲ್ಲ.

ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ ಹಂಸ-3 ವಿಮಾನಕ್ಕೆ ರೋಟ್ಯಾಕ್ಸ್ 914 ಎಂಜಿನ್. ಅದರಲ್ಲಿ ಟರ್ಬೊಚಾರ್ಜರ್ ಇದ್ದರೂ ಇಂಧನ ಬರುವುದು ಕಾರ್ಬ್ಯುರೇಟರುಗಳಿಂದ. 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ಹಂಸ-ಎನ್‌ಜಿ ಮಾದರಿಯಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್‌ನ ರೋಟ್ಯಾಕ್ಸ್ 912 ಐಎಸ್‌ಸಿ ಇದೆ. ವಿಮಾನಗಳ ಕಾಲಾನುಕ್ರಮದಲ್ಲಿ ಇಂಜೆಕ್ಷನ್ ಆದ ಮೇಲೆ ಮತ್ತೆ ಕಾರ್ಬ್ಯುರೇಟರ್ ಬಂದು, ಆಮೇಲೆ ಕಂಪ್ಯೂಟರ್ ಬಂದಿದೆ. ಕಸರತ್ತು ಬೇಕೇ, ತೂಕ ಇಳಿಸಬೇಕೇ ಎಂಬುದನ್ನು ನೋಡಿ ಎಂಜಿನ್ ಆರಿಸುತ್ತಾರೆಯೇ ಹೊರತು ಹೊಸದೆಂಬ ಕಾರಣಕ್ಕಲ್ಲ.

ಎರಡೂ ಉಳಿದಿರುವುದೇಕೆ

ಸಣ್ಣ ವಿಮಾನಗಳು ಬಹಳ ಕಾಲ ಬಾಳುತ್ತವೆ. 44,000ಕ್ಕೂ ಹೆಚ್ಚು ತಯಾರಾದ ಸೆಸ್ನಾ 172 ಇದಕ್ಕೆ ಒಳ್ಳೆಯ ಉದಾಹರಣೆ. 1956ರಿಂದ 1986ರವರೆಗೆ ಬಂದ ಸಾಮಾನ್ಯ 172ಗಳು ಕಾರ್ಬ್ಯುರೇಟರಿನವು. ಹತ್ತು ವರ್ಷ ತಯಾರಿಕೆ ನಿಂತು 1996ರಲ್ಲಿ ಮತ್ತೆ ಆರಂಭವಾದಾಗ ಬಂದ 172ಆರ್ ಇಂಜೆಕ್ಷನ್‌ನದು. ಎರಡೂ ತಲೆಮಾರಿನ ವಿಮಾನಗಳು ಈಗಲೂ ಹಾರುತ್ತಿವೆ. ವಿಮಾನದಲ್ಲಿ ಎಂಜಿನ್ನಿನ ಮಾದರಿ ಬದಲಿಸಬೇಕಾದರೆ ಪ್ರಮಾಣೀಕರಣದ ದೀರ್ಘ ದಾರಿ ದಾಟಬೇಕು, ಖರ್ಚೂ ದೊಡ್ಡದು. ಸುಮಾರು 2,000 ಗಂಟೆಗಳ ನಂತರ ಎಂಜಿನ್ ಪೂರ್ತಿ ಬಿಚ್ಚಿ ನವೀಕರಿಸುವಾಗಲೂ ಮಾಲೀಕರು ಅದೇ ಮಾದರಿಯನ್ನೇ ಮತ್ತೆ ಕೂರಿಸುತ್ತಾರೆ. ಯಾವ ಊರಿನ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸಬಲ್ಲ ಕಾರ್ಬ್ಯುರೇಟರನ್ನು ಬಿಡಲು ಅವರಿಗೆ ಬಲವಾದ ಕಾರಣ ಬೇಕು.

ಒಂದರಿಂದ ಇನ್ನೊಂದಕ್ಕೆ ಹೋಗುವಾಗ

ಪೈಲಟ್‌ಗೆ ಹೆಚ್ಚು ಅಪಾಯವಿರುವುದು ಒಂದಕ್ಕೆ ಒಗ್ಗಿದ ಕೈ ಇನ್ನೊಂದನ್ನು ಹಿಡಿದಾಗ. ಸೆಸ್ನಾ 152ರಲ್ಲಿ ಕಲಿತವರು 172ಎಸ್‌ಗೆ ಬಂದರೆ ಇಳಿಯುವಾಗ ಕಾರ್ಬ್ ಹೀಟ್ ಗುಬುಟು ಹುಡುಕುತ್ತಾರೆ. ಅದು ಇಲ್ಲದ್ದರಿಂದ ಹಾನಿಯೇನೂ ಇಲ್ಲ. ಕಲಿಯಬೇಕಾದದ್ದು ಬಿಸಿ ಎಂಜಿನ್ ಚಾಲೂ ಮಾಡುವ ಕ್ರಮ, ಅದನ್ನು ನೆಲದ ಮೇಲೆ ನಿಧಾನವಾಗಿ ಕಲಿಯಬಹುದು. ತಿರುಗುಮುರುಗಾದರೆ ಮಾತು ಬೇರೆ. ಇಂಜೆಕ್ಷನ್ ವಿಮಾನದಲ್ಲೇ ಲೈಸೆನ್ಸ್ ಪಡೆದವರು ಹಳೆಯ ಸೆಸ್ನಾ ಹತ್ತಿದರೆ, ಮಳೆಗಾಲದ ಬೆಳಗು ಇಳಿಯುತ್ತಿರುವಾಗ ಎಂಜಿನ್ನಿನ ಸುತ್ತು ಮೆಲ್ಲಗೆ ಕಡಿಮೆಯಾದದ್ದಕ್ಕೆ ಥ್ರಾಟಲ್ ಕೊಂಚ ಮುಂದೊತ್ತಿ ಸುಮ್ಮನಾಗುವ ಸಂಭವವಿದೆ. ಮಂಜುಗಡ್ಡೆಯ ಮೊದಲ ಲಕ್ಷಣವೇ ಅದು. ಪ್ರೊಪೆಲ್ಲರಿನ ಕೋನ ಬದಲಾಗದ ವಿಮಾನದಲ್ಲಿ ಸುತ್ತು ಇಳಿಯುತ್ತದೆ. ಕೋನ ತಾನೇ ಹೊಂದಿಕೊಳ್ಳುವ ವಿಮಾನದಲ್ಲಿ ಸುತ್ತು ಹಾಗೆಯೇ ಉಳಿದು ಮ್ಯಾನಿಫೋಲ್ಡ್ ಒತ್ತಡ, ಅಂದರೆ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಗಳಲ್ಲಿನ ಒತ್ತಡ, ಮಾತ್ರ ಇಳಿಯುತ್ತದೆ. ಹೊಸ ವಿಮಾನ ಹತ್ತುವ ಮುನ್ನ ಎಂಜಿನ್ನಿನ ಮಾದರಿ ಸಂಖ್ಯೆಯಲ್ಲಿ ‘ಐ’ ಇದೆಯೇ ಎಂದು ನೋಡಿಕೊಂಡರೆ, ಅಂದಿನ ಹವೆಯಲ್ಲಿ ಯಾವ ತೊಂದರೆಗೆ ಸಿದ್ಧವಾಗಿರಬೇಕು ಎಂಬುದು ಆಗಲೇ ಗೊತ್ತಾಗುತ್ತದೆ.